ನಾಯಿ ಮಾವಿನ ಓಟೆ ನುಂಗಿದೆ, ಈಗ ಆರಾಮಾಗಿದೆ. ಕಾಯಬಹುದಾ?

ಪ್ರಶ್ನೆ: ನಾವು ಅರಸೀಕೆರೆ ಹತ್ತಿರದವರು. ನಮ್ಮ ಮನೇಲಿ ಮೂರು ವರ್ಷದ ಲ್ಯಾಬ್ರಡಾರ್ ಇದ್ದಾನೆ. ಹೆಸರು ಬ್ರೂನೋ, ತೂಕ 30 ಕೆಜಿ. ನಿನ್ನೆ ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ ಎಲ್ಲರೂ ರಸಪುರಿ ಹಣ್ಣು ತಿನ್ನುತ್ತಿದ್ದೆವು. ಮಗ ಚೀಪಿ ತಟ್ಟೆಗೆ ಹಾಕಿದ ಓಟೆಯನ್ನು ಬ್ರೂನೋ ಬಾಯಿಗೆ ಹಾಕಿಕೊಂಡ. ‘ಏಯ್, ಬಿಡೋ’ ಅಂತ ಕೂಗುತ್ತಾ ಓಡಿದೆ. ಅಷ್ಟರಲ್ಲಿ ಇಡೀ ಓಟೆ ನುಂಗಿಬಿಟ್ಟ. ರಾತ್ರಿ ಚೆನ್ನಾಗಿ ಮಲಗಿದ. ಬೆಳಗ್ಗೆಯಿಂದ ಬಾಲ ಆಡಿಸಿಕೊಂಡು ಓಡಾಡುತ್ತಿದ್ದಾನೆ. ಹರಳೆಣ್ಣೆ ಕುಡಿಸಿದರೆ ಹೊರಗೆ ಬರುತ್ತೆ ಅಂತಾರೆ ನಮ್ಮತ್ತೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ ಅಂತಾರೆ ಪಕ್ಕದ ಮನೆಯವರು. ಎರಡು ದಿನ ಸುಮ್ನೆ ನೋಡೋಣ ಅಂತಾರೆ ನಮ್ಮೆಜಮಾನರು. ಏನು ಮಾಡಲಿ ಡಾಕ್ಟ್ರೇ? ಇನ್ನು ಮೇಲೆ ಅವನಿಗೆ ಮಾವಿನಹಣ್ಣೇ ಕೊಡಬಾರದಾ?

ಉತ್ತರ: ಅಮ್ಮಾ, ಮೊದಲು ಇವತ್ತಿನ ಕೆಲಸ ಹೇಳಿಬಿಡುತ್ತೇನೆ. ಹರಳೆಣ್ಣೆ ಬೇಡ, ಉಪ್ಪು ನೀರು ಬೇಡ, ಎರಡು ದಿನ ಕಾಯುವುದೂ ಬೇಡ. ಬೆಳಗಿನ ಊಟ ಕೊಟ್ಟಿಲ್ಲದಿದ್ದರೆ ಕೊಡಬೇಡಿ. ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿ, ಈಗಲೇ ಹೊರಡಿ. ಹೋಗುವಾಗ ನಿನ್ನೆ ತಿಂದ ಹಣ್ಣಿನದೇ ಇನ್ನೊಂದು ಓಟೆ ಸಿಕ್ಕಿದರೆ ಕವರಿನಲ್ಲಿ ಹಾಕಿಕೊಂಡು ಹೋಗಿ. ಉಳಿದದ್ದನ್ನು ದಾರಿಯಲ್ಲಿ ಓದಬಹುದು.

ಬ್ರೂನೋ ಬಾಲ ಆಡಿಸುತ್ತಿದ್ದಾನೆ ಅಂದರೆ ಓಟೆ ಗಂಟಲಿನಲ್ಲೋ ಅನ್ನನಾಳದಲ್ಲೋ ಸಿಕ್ಕಿಕೊಂಡಿಲ್ಲ ಅಂತ ಅರ್ಥ. ಅಷ್ಟೇ ಅರ್ಥ. ಅಲ್ಲಿ ಸಿಕ್ಕಿಕೊಂಡಿದ್ದರೆ ನಿನ್ನೆ ರಾತ್ರಿಯೇ ಜೊಲ್ಲು ಸುರಿಸುತ್ತಿದ್ದ, ಕತ್ತು ಚಾಚಿ ಚಾಚಿ ನುಂಗಲು ಒದ್ದಾಡುತ್ತಿದ್ದ, ಕುಡಿದ ನೀರು ಕೂಡಲೇ ಆಚೆ ಬರುತ್ತಿತ್ತು. ಅದ್ಯಾವುದೂ ಇಲ್ಲ ಅಂದ ಮೇಲೆ ಓಟೆ ಜಠರಕ್ಕೆ, ಅಂದರೆ ಹೊಟ್ಟೆಯ ಚೀಲಕ್ಕೆ ಇಳಿದಿದೆ. ಬಹುಶಃ ಇನ್ನೂ ಅಲ್ಲೇ ಇದೆ. ಜಠರ ದೊಡ್ಡ ಜಾಗ. ಅಲ್ಲಿ ಓಟೆ ಹೊರಳಾಡಿಕೊಂಡು ಇರುವಷ್ಟು ಹೊತ್ತು ನಾಯಿಗೆ ಏನೂ ಅನ್ನಿಸದೇ ಇರಬಹುದು. ನಾಯಿ ಆರಾಮಾಗಿರುವ ಈ ಹೊತ್ತೇ ನಮಗೆ ಕೆಲಸ ಸುಲಭವಾದ ಹೊತ್ತು. ಓಟೆ ಜಠರ ದಾಟಿ ಸಣ್ಣ ಕರುಳಿಗೆ ಇಳಿದು ಕಚ್ಚಿಕೊಂಡರೆ ಆಟವೇ ಬೇರೆ. ಎಷ್ಟೋ ಜನ ನಾಯಿ ಮಂಕಾದ ಮೇಲೆ ಕರೆದುಕೊಂಡು ಬರುತ್ತಾರೆ. ಆಗ ನಮ್ಮ ಕೈಯಲ್ಲಿದ್ದ ಒಳ್ಳೆಯ ದಾರಿಗಳು ಒಂದೆರಡು ಆಗಲೇ ಮುಚ್ಚಿಹೋಗಿರುತ್ತವೆ.

ಮಾವಿನ ಓಟೆ ಯಾಕೆ ಇಷ್ಟು ತೊಂದರೆ ಅಂತ ಕೇಳಬಹುದು. ಒಂದು ಓಟೆ ತೊಳೆದು ಕೈಯಲ್ಲಿ ಹಿಡಿದು ನೋಡಿ. ಚಪ್ಪಟೆ, ಗಟ್ಟಿ, ಮೂರು ಬೆರಳಗಲ, ಮೈತುಂಬ ನಾರು. ನಾಯಿಯ ಹೊಟ್ಟೆ ಅದನ್ನು ಕರಗಿಸುವುದಿಲ್ಲ. ಲ್ಯಾಬ್ರಡಾರ್‌ನಂಥ ನಾಯಿಯ ಸಣ್ಣ ಕರುಳು ಹೆಚ್ಚುಕಡಿಮೆ ನಮ್ಮ ಹೆಬ್ಬೆರಳಿನ ದಪ್ಪ. ಜಠರದ ಬಾಗಿಲು ಅದಕ್ಕಿಂತ ಬಿಗಿ. ಹಾಗಾಗಿ ಓಟೆ ಒಂದೋ ಬಾಗಿಲಿನಲ್ಲಿ ಬಿರಡೆಯಂತೆ ಕೂರುತ್ತದೆ, ಇಲ್ಲ ಹೇಗೋ ನುಸುಳಿ ಕರುಳಿನಲ್ಲಿ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಇದೇ ತರ ಇನ್ನೊಂದು ವಸ್ತು ಬೇಯಿಸಿದ ಮುಸುಕಿನ ಜೋಳದ ದಿಂಡು. ಎರಡಕ್ಕೂ ಊಟದ ವಾಸನೆ ಇರುತ್ತದೆ, ನಾಯಿಯ ಲೆಕ್ಕದಲ್ಲಿ ಎರಡೂ ಊಟವೇ.

ಜಠರದಲ್ಲಿ ಎಷ್ಟು ದಿನ ಇರಬಹುದು? ವಾರಗಟ್ಟಲೆ. ಒಮ್ಮೆ ಜುಲೈ ಕೊನೆಯಲ್ಲಿ ಒಂದು ನಾಯಿ ಬಂದಿತ್ತು. ಎರಡು ದಿನ ಚೆನ್ನಾಗಿರುತ್ತೆ, ಮೂರನೇ ದಿನ ವಾಂತಿ, ಮತ್ತೆ ಚೆನ್ನಾಗಿರುತ್ತೆ, ತೂಕ ಮಾತ್ರ ಇಳೀತಿದೆ ಅಂತ ಮನೆಯವರು ಹೇಳಿದರು. ಜಂತುಹುಳದ ಔಷಧಿ, ಗ್ಯಾಸಿನ ಔಷಧಿ ಎಲ್ಲಾ ಆಗಿತ್ತು. ಏನಾದರೂ ನುಂಗಿದೆಯಾ ಅಂದರೆ ಇಲ್ಲವೇ ಇಲ್ಲ ಅಂದರು. ಸ್ಕ್ಯಾನಿಂಗ್ ಮಾಡಿ, ಆಪರೇಷನ್ ಮಾಡಿ ತೆಗೆದದ್ದು ಮಾವಿನ ಓಟೆ. ಅದನ್ನು ನೋಡಿ ಆ ಮನೆಯ ಹಿರಿಯರು, ನಮ್ಮ ಮನೆಗೆ ಹಣ್ಣು ತಂದು ಒಂದೂವರೆ ತಿಂಗಳಾಯ್ತಲ್ಲಾ ಅಂದರು. ಜಠರದ ಬಾಗಿಲಿಗೆ ಓಟೆ ಬಂದು ಕೂತಾಗ ವಾಂತಿ, ಸರಿದಾಗ ಆರಾಮ. ಅಷ್ಟೂ ದಿನ ಇದೇ ನಡೆದಿತ್ತು.

ಈಗ ಮನೆಮದ್ದುಗಳ ವಿಷಯ. ಅತ್ತೆಯವರು ಪ್ರೀತಿಯಿಂದಲೇ ಹೇಳಿದ್ದಾರೆ, ನನಗೆ ಗೊತ್ತು. ಆದರೆ ಹರಳೆಣ್ಣೆ ಕರುಳನ್ನು ಜೋರಾಗಿ ಹಿಂಡುತ್ತದೆ. ಮುಂದೆ ದಾರಿ ಕಟ್ಟಿದ್ದಾಗ ಹಿಂದಿನಿಂದ ಹಿಂಡಿದರೆ ಏನಾಗುತ್ತೆ ಹೇಳಿ? ನೋವು ಜಾಸ್ತಿ ಆಗುತ್ತದೆ, ಓಟೆ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ಕರುಳು ಹರಿಯುತ್ತದೆ. ಬಾಯಿ ಹಿಡಿದು ಎಣ್ಣೆ ಸುರಿಯುವಾಗ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ. ತೆಂಗಿನೆಣ್ಣೆ, ತುಪ್ಪಕ್ಕೂ ಇದೇ ಮಾತು.

ಉಪ್ಪು ನೀರು ಇದಕ್ಕಿಂತ ಕೆಟ್ಟದ್ದು. ವಾಂತಿ ಆಗುವಷ್ಟು ಉಪ್ಪು ಕುಡಿಸಿ, ವಾಂತಿ ಆಗದೇ ಹೋದರೆ ಅಷ್ಟೂ ಉಪ್ಪು ರಕ್ತಕ್ಕೆ ಸೇರುತ್ತದೆ. ಆಮೇಲೆ ನಡುಕ, ಫಿಟ್ಸ್, ಮಿದುಳಿಗೆ ಪೆಟ್ಟು. ಓಟೆಯಿಂದ ಸಾಯದ ನಾಯಿ ಉಪ್ಪಿನಿಂದ ಸಾಯಬಹುದು. ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಅಂತ ಯೂಟ್ಯೂಬಿನಲ್ಲಿ ನೋಡಿ ಬರುವವರೂ ಇದ್ದಾರೆ. ಅದು ಜಠರದ ಒಳಪದರವನ್ನೇ ಸುಡುತ್ತದೆ. ಗಂಟಲಿಗೆ ಬೆರಳು ಹಾಕುವುದರಿಂದ ನಾಯಿಗೆ ವಾಂತಿ ಬರುವುದಿಲ್ಲ, ನಿಮ್ಮ ಬೆರಳಿಗೆ ಗಾಯ ಆಗುತ್ತದೆ.

ಹಾಗಾದರೆ ವಾಂತಿ ಮಾಡಿಸುವುದೇ ಇಲ್ಲವಾ? ಮಾಡಿಸುತ್ತೇವೆ, ಆದರೆ ಕ್ಲಿನಿಕ್ಕಿನಲ್ಲಿ. ಅಪೋಮಾರ್ಫಿನ್‌ನಂಥ ಔಷಧಿ ಕೊಟ್ಟರೆ ಕೆಲವೇ ನಿಮಿಷದಲ್ಲಿ ವಾಂತಿ ಬರುತ್ತದೆ. ಕಾಲುಚೀಲ, ಬಟ್ಟೆ ತುಂಡು, ಮೆತ್ತಗಿನ ರಬ್ಬರ್ ನುಂಗಿ ಎರಡು ಗಂಟೆಯೊಳಗೆ ಬಂದರೆ ಇದರಲ್ಲೇ ಕೆಲಸ ಮುಗಿಯುವುದುಂಟು. ಸೂಜಿ, ಗಾಜು, ಚೂಪು ಮೂಳೆ, ಬ್ಯಾಟರಿ, ಆ್ಯಸಿಡ್‌ನಂಥವು ಹೋಗಿದ್ದರೆ ಮಾಡಿಸುವುದೇ ಇಲ್ಲ. ಇಳಿಯುವಾಗ ಒಂದು ಸಲ ಕೊಯ್ದದ್ದು ಹತ್ತುವಾಗ ಮತ್ತೊಂದು ಸಲ ಕೊಯ್ಯುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಲ್ಲಿ ವಾಂತಿ ಶ್ವಾಸನಾಳಕ್ಕೆ ಹೋಗುವುದು ಸುಲಭ, ಅಲ್ಲೂ ಯೋಚಿಸುತ್ತೇವೆ. ಮಾವಿನ ಓಟೆ ಮೆತ್ತಗಿನ ವಸ್ತು, ಚೂಪು ವಸ್ತು ಇವೆರಡರ ನಡುವಿನದು. ನುಂಗುವಾಗ ಹೇಗೋ ಜಾರಿ ಇಳಿದ ಓಟೆ ಮೇಲೆ ಬರುವಾಗ ಅಡ್ಡ ತಿರುಗಿ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ನಾಯಿಯ ಗಾತ್ರ, ಓಟೆಯ ಗಾತ್ರ ಎರಡೂ ನೋಡಿಯೇ ತೀರ್ಮಾನ ಮಾಡಬೇಕು. ಅದಕ್ಕೇ ಇನ್ನೊಂದು ಓಟೆ ತನ್ನಿ ಅಂದದ್ದು. ಕಾಲುಚೀಲ ನುಂಗಿದ್ದರೆ ಜೊತೆಯದನ್ನು, ಆಟದ ಸಾಮಾನು ನುಂಗಿದ್ದರೆ ಉಳಿದ ಚೂರನ್ನು ತನ್ನಿ. ಹತ್ತು ನಿಮಿಷ ವಿವರಿಸುವುದಕ್ಕಿಂತ ಅದೊಂದು ತುಂಡು ನಮಗೆ ಜಾಸ್ತಿ ಹೇಳುತ್ತದೆ.

ಕ್ಲಿನಿಕ್ಕಿನಲ್ಲಿ ವೈದ್ಯರು ಮೊದಲು ಬಾಯಿ ನೋಡುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ. ಆಮೇಲೆ ಎಕ್ಸ್‌ರೇ. ಇಲ್ಲೊಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ನಾಣ್ಯ, ಸೂಜಿ, ಮೂಳೆ, ಕಲ್ಲು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತವೆ. ಬಟ್ಟೆ, ಪ್ಲಾಸ್ಟಿಕ್, ಮರದ ಚೂರು, ಮಾವಿನ ಓಟೆ ಹಾಗೆ ಎದ್ದು ಕಾಣುವುದಿಲ್ಲ. ಅವುಗಳ ಹಿಂದೆ ತುಂಬಿಕೊಂಡ ಗಾಳಿ, ಉಬ್ಬಿದ ಕರುಳು ನೋಡಿ ಊಹಿಸಬೇಕು. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ನಾಯಿಯ ಎಕ್ಸ್‌ರೇ ನೋಡಿ ಏನೂ ಇಲ್ಲ ಅಂತ ಮನೆಗೆ ಕಳಿಸಿದ್ದೆ. ಎರಡು ದಿನಕ್ಕೆ ಅದು ಎತ್ತಿಕೊಂಡು ಬರುವ ಸ್ಥಿತಿಯಲ್ಲಿ ವಾಪಸ್ ಬಂತು. ಒಳಗಿದ್ದದ್ದು ಮಗುವಿನ ಬಟ್ಟೆಯ ತುಂಡು. ನಾಯಿ ಉಳಿಯಿತು, ಆದರೆ ಎರಡು ದಿನದ ನೋವು ನನ್ನಿಂದಾಗಿ ತಿಂದಿತು. ಅಲ್ಲಿಂದ ಮುಂದೆ ‘ಎಕ್ಸ್‌ರೇಯಲ್ಲಿ ಕಾಣುತ್ತಿಲ್ಲ’ ಅಂತ ಹೇಳುತ್ತೇನೆ, ‘ಏನೂ ಇಲ್ಲ’ ಅಂತ ಹೇಳುವುದಿಲ್ಲ. ಹಾಗಾಗಿ ವೈದ್ಯರು ಸ್ಕ್ಯಾನಿಂಗ್ ಬೇಕು ಅಂದರೆ, ನಾಳೆ ಮತ್ತೊಂದು ಎಕ್ಸ್‌ರೇ ತೆಗೆಯೋಣ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಒಂದೇ ಗಾಳಿಯ ಗುಳ್ಳೆ ಎರಡೂ ದಿನ ಅದೇ ಜಾಗದಲ್ಲಿದ್ದರೆ ಅಲ್ಲಿ ತಡೆ ಇದೆ ಅಂತ ಅನುಮಾನ ಗಟ್ಟಿಯಾಗುತ್ತದೆ.

ಓಟೆ ಜಠರದಲ್ಲೇ ಇದ್ದರೆ ಎಂಡೋಸ್ಕೋಪಿಯಲ್ಲಿ, ಹೊಟ್ಟೆ ಕೊಯ್ಯದೆ, ಬಾಯಿಂದಲೇ ತೆಗೆಯಲು ನೋಡಬಹುದು. ಜಾರುವ ಓಟೆಯನ್ನು ಹಿಡಿಯುವುದು ಕಷ್ಟ, ಎಲ್ಲಾ ಸಲವೂ ಆಗುವುದಿಲ್ಲ. ಎಲ್ಲಾ ಊರಿನಲ್ಲೂ ಈ ಸೌಲಭ್ಯ ಇಲ್ಲ. ನಿಮಗೆ ಹತ್ತಿರ ಅಂದರೆ ಹಾಸನದ ಪಶುವೈದ್ಯಕೀಯ ಕಾಲೇಜು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಬೀದರ್‌ಗಳಲ್ಲೂ ಕಾಲೇಜುಗಳಿವೆ. ಎಲ್ಲಿಗೇ ಹೊರಟರೂ ಮೊದಲು ಫೋನ್ ಮಾಡಿ, ಸ್ಕ್ಯಾನಿಂಗ್ ಇದೆಯಾ, ಇವತ್ತು ಆಪರೇಷನ್ ಮಾಡುವವರು ಇದ್ದಾರಾ ಅಂತ ಕೇಳಿಕೊಳ್ಳಿ.

ವೈದ್ಯರೇ ನೋಡಿ, ಒಂದು ದಿನ ಕಾಯೋಣ ಅಂದರೆ ಆ ಕಾಯುವಿಕೆಗೆ ಅರ್ಥ ಇದೆ. ಚಿಕ್ಕ, ನುಣುಪಾದ ವಸ್ತುಗಳು ಒಂದೆರಡು ದಿನದಲ್ಲಿ ತಾವಾಗೇ ಹೊರಗೆ ಬರುವುದುಂಟು. ಆಗ ನಿಮ್ಮ ಕೆಲಸ, ಪ್ರತಿ ಸಲ ಮೋಷನ್ ಮಾಡಿದಾಗ ಗ್ಲೌಸ್ ಹಾಕಿಕೊಂಡು ಕಡ್ಡಿಯಲ್ಲಿ ಕೆದಕಿ ನೋಡುವುದು. ಅಸಹ್ಯ ಅನ್ನಿಸಬಹುದು, ಆದರೆ ಹೊರಗೆ ಬಂತೋ ಇಲ್ಲವೋ ಅಂತ ಗೊತ್ತಾಗುವುದು ಅಲ್ಲೇ. ಊಟ ವೈದ್ಯರು ಹೇಳಿದಷ್ಟೇ, ಹೇಳಿದ್ದನ್ನೇ ಕೊಡಿ.

ವಾಂತಿ ಎರಡು ಮೂರು ಸಲ ಆದರೆ, ಕುಡಿದ ನೀರೂ ನಿಲ್ಲದಿದ್ದರೆ, ಊಟದ ತಟ್ಟೆ ಮೂಸಿ ಮುಖ ತಿರುಗಿಸಿದರೆ ಮತ್ತೆ ಹೊರಡಿ, ಅರ್ಧ ರಾತ್ರಿ ಆದರೂ ಸರಿ. ಲ್ಯಾಬ್ರಡಾರ್ ಊಟ ಬಿಡುವುದು ಅಂದರೆ ಅದೇ ದೊಡ್ಡ ಸೂಚನೆ. ಮುಂಗಾಲು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗ ಮೇಲೆತ್ತಿ ನಿಂತು ಹಾಗೇ ಉಳಿದರೆ ಹೊಟ್ಟೆ ನೋವು ಅಂತ ತಿಳಿಯಿರಿ. ಆಟಕ್ಕೆ ಕರೆಯುವಾಗಲೂ ಹೀಗೇ ಬಗ್ಗುತ್ತವೆ, ಆದರೆ ಆಗ ಬಾಲ ಆಡುತ್ತಿರುತ್ತದೆ, ತಕ್ಷಣ ಹಾರುತ್ತವೆ. ನೋವಿನ ನಾಯಿ ಹಾರುವುದಿಲ್ಲ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಚಿಕೊಂಡಿದ್ದರೆ, ಇಲ್ಲ ಇಟ್ಟಿಗೆ ಕೆಂಪಾಗಿದ್ದರೆ ತಡ ಮಾಡಬೇಡಿ. ಇನ್ನೊಂದು, ಸ್ವಲ್ಪ ಸ್ವಲ್ಪ ಭೇದಿ ಆಗುತ್ತಿದೆ, ಹಾಗಾದರೆ ದಾರಿ ತೆರೆದಿದೆ ಅಂತ ಎಷ್ಟೋ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಅರ್ಧ ಕಟ್ಟಿದ ಕರುಳಿನಲ್ಲಿ ನೀರಾಗಿದ್ದದ್ದು ಸಂದಿಯಲ್ಲಿ ಇಳಿಯುತ್ತಲೇ ಇರುತ್ತದೆ. ಅದನ್ನು ನಂಬಬೇಡಿ.

ಈ ಹೊತ್ತಿನಲ್ಲಿ ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ವಾಂತಿ ನಿಲ್ಲಿಸುವ ಮಾತ್ರೆ ಕೊಟ್ಟರೆ ನಮಗೆ ದಾರಿ ತೋರಿಸುವ ಗುರುತೇ ಮುಚ್ಚಿಹೋಗುತ್ತದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನೂ ಹಾಳು ಮಾಡುತ್ತವೆ.

ಆಪರೇಷನ್ ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಒಳಗೆ ಏನು ಕಾಣುತ್ತದೆ ಅಂತ ಹೇಳುತ್ತೇನೆ, ಬೇಗ ಬನ್ನಿ ಅಂತ ಯಾಕೆ ಹೇಳುತ್ತೇವೆ ಅಂತ ಅರ್ಥವಾಗುತ್ತದೆ. ಓಟೆ ಕರುಳಿನಲ್ಲಿ ಸಿಕ್ಕಿದ ನಾಯಿಯ ಹೊಟ್ಟೆ ತೆರೆದರೆ, ತಡೆಯ ಹಿಂದಿನ ಕರುಳು ನೀರು, ಗಾಳಿ ತುಂಬಿ ಬಲೂನಿನಂತೆ ಉಬ್ಬಿರುತ್ತದೆ. ಮುಂದಿನದು ಬಿಳಿಚಿ, ಚಪ್ಪಟೆಯಾಗಿ, ಖಾಲಿ. ನಡುವೆ ಓಟೆ ಇರುವ ಜಾಗ ಕೈಗೆ ಗಟ್ಟಿಯಾಗಿ ಸಿಗುತ್ತದೆ, ಅಂಚು ಕೂಡ ತಿಳಿಯುತ್ತದೆ. ಬೇಗ ಬಂದಿದ್ದರೆ ಆ ಜಾಗ ಕೆಂಪಗಿರುತ್ತದೆ. ಒಂದು ಸಣ್ಣ ಗೀರು ಹಾಕಿ, ಓಟೆ ಜಾರಿಸಿ ತೆಗೆದು, ಹೊಲಿದು, ತೊಳೆದು ಮುಗಿಸಬಹುದು. ಮೂರು ನಾಲ್ಕು ದಿನ ಕಳೆದು ಬಂದರೆ ಅದೇ ಜಾಗ ನೇರಳೆ, ಕೆಲವೊಮ್ಮೆ ಕಪ್ಪು. ಒತ್ತಿ ಒತ್ತಿ ರಕ್ತ ಓಡದೆ ಕರುಳು ಸತ್ತಿರುತ್ತದೆ. ಆಗ ಅಷ್ಟು ಉದ್ದ ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಹೊಲಿಯಬೇಕು. ಆಪರೇಷನ್ ಆದ ಮೇಲೆ ಮೂರರಿಂದ ಐದನೇ ದಿನದವರೆಗೆ ನಮಗೆ ಭಯ. ಹೊಲಿಗೆ ಸೋರುವುದಾದರೆ ಸಾಮಾನ್ಯವಾಗಿ ಆಗಲೇ ಸೋರುವುದು. ಮನೆಗೆ ಕಳಿಸಿದ ಮೇಲೆ ನಾಯಿ ಮತ್ತೆ ಮಂಕಾದರೆ, ಜ್ವರ ಬಂದರೆ, ಹೊಟ್ಟೆ ಮುಟ್ಟಲು ಬಿಡದಿದ್ದರೆ, ಹೊಲಿಗೆ ಬಿಚ್ಚುವ ದಿನದವರೆಗೆ ಕಾಯದೆ ಅವತ್ತೇ ಕರೆತನ್ನಿ.

ಓಟೆಯ ಮಾತು ಇಷ್ಟು. ದಾರದ ಬಗ್ಗೆ ಹೇಳದೆ ಮುಗಿಸಲು ಮನಸ್ಸು ಬರುವುದಿಲ್ಲ. ಹೊರಗಿನಿಂದ ನೋಡಿದರೆ ಓಟೆಗಿಂತ ನಿರುಪದ್ರವಿ ಅನ್ನಿಸುವ ದಾರ, ಒಳಗೆ ಹೋದರೆ ಅದಕ್ಕಿಂತ ಕ್ರೂರಿ. ಹೊಲಿಗೆ ದಾರ, ಗಾಳಿಪಟದ ದಾರ, ಸೀರೆಯ ಕುಚ್ಚು, ಎಳೆ ಬಿಚ್ಚಿದ ಕಾಲುಚೀಲ, ಎಲ್ಲಾ ಒಂದೇ ಜಾತಿ. ಹೂ ಕಟ್ಟುವವರ ಮನೆಯಿಂದ ಒಂದು ಬಿಳಿ ಪೊಮೇರಿಯನ್ ಬಂದಿತ್ತು. ನಾಲ್ಕು ದಿನದಿಂದ ವಾಂತಿ. ಬಾಯಿ ತೆರೆದು, ದವಡೆಯ ಕೆಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ನಾಲಿಗೆ ಮೇಲೆತ್ತಿದೆ. ನಾಲಿಗೆಯ ಬುಡದಲ್ಲಿ ಕೂದಲೆಳೆಯಂಥ ಬಿಳಿ ದಾರ ಸುತ್ತಿಕೊಂಡು, ಮಾಂಸದೊಳಗೆ ಇಳಿದು ಕೂತಿತ್ತು. ಒಂದು ತುದಿ ಇಲ್ಲಿ ಕಟ್ಟಿಹಾಕಿದಂತೆ, ಉಳಿದದ್ದು ಕರುಳಿನಲ್ಲಿ. ಕರುಳು ಆ ದಾರವನ್ನು ಮುಂದಕ್ಕೆ ತಳ್ಳಲು ನೋಡುತ್ತದೆ, ದಾರ ಬರುವುದಿಲ್ಲ, ಕರುಳೇ ದಾರದ ಮೇಲೆ ಹತ್ತಿಕೊಂಡು ಬರುತ್ತದೆ. ಲಾಡಿ ಎಳೆದ ಪೈಜಾಮದ ಸೊಂಟ ನಿರಿಗೆ ನಿರಿಗೆಯಾಗುತ್ತದಲ್ಲ, ಹಾಗೆ. ಆ ನಿರಿಗೆಗಳ ಒಳಮೈಯನ್ನು ದಾರ ಗರಗಸದಂತೆ ಕೊಯ್ಯುತ್ತದೆ. ಅದಕ್ಕೇ ಬಾಯಲ್ಲಾಗಲಿ ಹಿಂದಿನಿಂದಾಗಲಿ ದಾರ ನೇತಾಡುತ್ತಿದ್ದರೆ ಯಾವ ಕಾರಣಕ್ಕೂ ಎಳೆಯಬೇಡಿ. ನಾಯಿ ಅದನ್ನು ಕಚ್ಚಿ ಎಳೆಯದಂತೆ ನೋಡಿಕೊಂಡು ಹಾಗೇ ಕರೆತನ್ನಿ. ಕರಾವಳಿಯಲ್ಲಿ ಮೀನಿನ ಗಾಳ ನುಂಗಿದ ನಾಯಿಗಳಿಗೂ ಇದೇ ಮಾತು: ಗಾಳದ ದಾರ ಎಳೆಯಬೇಡಿ, ನೇತಾಡುವ ದಾರವನ್ನು ಹಾಗೇ ಬಿಡಿ, ಅದು ನಮಗೆ ಗಾಳದ ದಾರಿ ತೋರಿಸುತ್ತದೆ.

ರಿಮೋಟಿನಲ್ಲಿ, ಮಕ್ಕಳ ಆಟದ ಸಾಮಾನಿನಲ್ಲಿ ಇರುವ ಗುಂಡಿಯಂಥ ಬ್ಯಾಟರಿ ನುಂಗಿದರೆ ಅದು ನಿಮಿಷಗಳ ಲೆಕ್ಕ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅರ್ಧ ಗಂಟೆಯೊಳಗೇ ಸುಡಲು ಶುರುವಾಗುತ್ತದೆ. ಫೋನಿನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ, ಗಾಡಿಯಲ್ಲಿ ಕೂತು ಫೋನ್ ಮಾಡಿ.

ಗಂಟಲಿಗೆ ಚೆಂಡು ಸಿಕ್ಕಿ ಉಸಿರೇ ಕಟ್ಟಿದರೆ ಮಾತ್ರ ಮನೆಯಲ್ಲೇ ಕೈ ಹಾಕಬೇಕು. ಬಾಯಿ ತೆರೆದು ನೋಡಿ, ವಸ್ತು ಕಂಡರೆ ಬೆರಳಿನಿಂದ ಮುಂದಕ್ಕೆ ಮೀಟಿ. ಕಾಣದೆ ಬೆರಳು ತೂರಿಸಿದರೆ ಇನ್ನೂ ಒಳಗೆ ಹೋಗುತ್ತದೆ. ದೊಡ್ಡ ನಾಯಿಯಾದರೆ ಹಿಂದೆ ನಿಂತು, ಎರಡೂ ಕೈಯಲ್ಲಿ ಹೊಟ್ಟೆ ಬಳಸಿ, ಪಕ್ಕೆಲುಬು ಮುಗಿಯುವ ಜಾಗದ ಹಿಂದೆ ಮುಷ್ಟಿಯಿಟ್ಟು, ಮೇಲಕ್ಕೂ ಮುಂದಕ್ಕೂ ನಾಲ್ಕೈದು ಸಲ ಜೋರಾಗಿ ಒತ್ತಿ. ಚಿಕ್ಕದಾದರೆ ಹಿಂಗಾಲು ಎತ್ತಿ, ತಲೆ ಕೆಳಗೆ ಮಾಡಿ, ಭುಜಗಳ ನಡುವೆ ಅಂಗೈಯಿಂದ ತಟ್ಟಿ. ವಸ್ತು ಹೊರಗೆ ಬಂದರೂ ಒಮ್ಮೆ ವೈದ್ಯರಿಗೆ ತೋರಿಸಿ.

ಇನ್ನು ನೀವು ಓಡಿದ್ದರ ಬಗ್ಗೆ. ನಿಮ್ಮ ಜಾಗದಲ್ಲಿ ಯಾರಿದ್ದರೂ ಓಡುತ್ತಿದ್ದರು. ಆದರೆ ನಾಯಿಯ ಕಡೆಯಿಂದ ನೋಡಿ. ಬಾಯಲ್ಲಿ ರುಚಿಯಾದದ್ದು ಸಿಕ್ಕಿದೆ, ಯಾರೋ ಕೂಗುತ್ತಾ ಕಿತ್ತುಕೊಳ್ಳಲು ಬರುತ್ತಿದ್ದಾರೆ. ನುಂಗದೆ ಇನ್ನೇನು ಮಾಡುತ್ತದೆ? ನನ್ನ ಹತ್ತಿರ ಬರುವ ಎಷ್ಟೋ ನಾಯಿಗಳು ಹೀಗೆ ಗಾಬರಿಯಲ್ಲೇ ನುಂಗಿದವು. ಮುಂದಿನ ಸಲ ಓಡಬೇಡಿ. ಫ್ರಿಜ್ ಬಾಗಿಲು ತೆಗೆಯಿರಿ, ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿ, ಮೊಟ್ಟೆಯೋ ಪನ್ನೀರೋ ತೋರಿಸಿ ಮೆಲ್ಲಗೆ ಕರೆಯಿರಿ. ‘ಬಿಡು’ ಅಂದಾಗ ಬಿಟ್ಟರೆ ಅದಕ್ಕಿಂತ ಒಳ್ಳೆಯದು ಸಿಗುತ್ತೆ ಅಂತ ಅವನಿಗೆ ದಿನಾ ಎರಡು ನಿಮಿಷ ಆಟದಂತೆ ಕಲಿಸಿ. ಲ್ಯಾಬ್ರಡಾರ್‌ಗಳ ಆಸೆಬುರುಕತನಕ್ಕೆ ಬರೀ ಅಭ್ಯಾಸವೇ ಕಾರಣ ಅಲ್ಲ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಲ್ಯಾಬ್ರಡಾರ್‌ಗಳನ್ನು ಪರೀಕ್ಷಿಸಿದಾಗ ಸುಮಾರು ಕಾಲು ಭಾಗ ನಾಯಿಗಳಲ್ಲಿ ಪಿಒಎಂಸಿ ಅನ್ನುವ ಜೀನ್‌ನ ಒಂದು ತುಣುಕೇ ಇರಲಿಲ್ಲ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವ ಕೆಲಸಕ್ಕೆ ಆ ಜೀನ್ ಬೇಕು. ಹಾಗಾಗಿ ಅವನಿಗೆ ಬೈದು ಪ್ರಯೋಜನವಿಲ್ಲ, ತಟ್ಟೆ ಎತ್ತರದಲ್ಲಿಡುವುದೇ ಸರಿ.

ಮಾವಿನಹಣ್ಣು ಕೊಡಬಾರದಾ ಅಂತ ಕೇಳಿದ್ದಿರಿ. ಈ ತೊಂದರೆ ಮುಗಿದು, ವೈದ್ಯರು ಮಾಮೂಲಿ ಊಟ ಕೊಡಿ ಅಂದ ಮೇಲೆ ಧಾರಾಳವಾಗಿ ಕೊಡಿ. ಸಿಪ್ಪೆ ತೆಗೆದು, ಓಟೆಯ ಎರಡೂ ಪಕ್ಕದ ಕೆನ್ನೆ ಕೊಯ್ದು, ಚಿಕ್ಕ ಚಿಕ್ಕ ಹೋಳು ಮಾಡಿ, ನಾಲ್ಕೈದು ಹೋಳು ನಿಮ್ಮ ಕೈಯಿಂದಲೇ ತಿನ್ನಿಸಿ. ಓಟೆಗಳನ್ನು ಮಾತ್ರ ಎಣಿಸಿ, ಮುಚ್ಚಳ ಇರುವ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಅವನ ಮೂತಿ ತಲುಪದ ಕಡೆ ಇಡಿ.